ಅಕ್ಕನ ಕಿಟಕಿ ಕಟ್ಟೆ

ಅಕ್ಕ ಬೆಳಗ್ಗೆ ಮನೆ ಗುಂಪಿಗೆ ಒಂದು ಫೋಟೊ ಹಾಕಿದಳು. ದೊಡ್ಡ ಕಿಟಕಿ, ಕೆಳಗೆ ಮೆತ್ತೆ ಹಾಸಿದ ಕಟ್ಟೆ, ಮೂರು ದಿಂಬು, ಕವುಚಿಟ್ಟ ಪುಸ್ತಕ. ಅವರ ಹೊಸ ಮನೆಗೆ ಗೋಡೆ ಏಳುತ್ತಿದೆ. ಸಂಜೆಯವರೆಗೆ ಬೇರೆ ಮಾತೇ ಇಲ್ಲ.

ಅಕ್ಕ: ನಮ್ಮ ಹಾಲಿಗೆ ಇದೇ ಬೇಕು. ಯಾರೂ ಬೇಡ ಅನ್ನಬೇಡಿ.

ಭಾವ: ಬೇಡ.

ಅಮ್ಮ: ಕಾರಣ ಹೇಳಿ ಅಳಿಯಂದ್ರೇ. ಸುಮ್ನೆ ಬೇಡ ಅಂದರೆ ಅವಳು ಬಿಡುವವಳಲ್ಲ.

ಭಾವ: ಜಾಗ ಅತ್ತೆ. ಕಾಲು ಮೇಲೆ ಹಾಕಿ ಕೂರಬೇಕಾದರೆ 2 ಅಡಿ ಅಗಲ ಬೇಕು. ಹಾಲಿನಲ್ಲಿ ಅಷ್ಟು ಹೋಯಿತು. ಒಂದು ವಾರ ಇವಳು ಕೂರುತ್ತಾಳೆ. ಆಮೇಲೆ ಮಡಿಸದ ಬಟ್ಟೆ ಕೂರುತ್ತದೆ.

ಚಿಕ್ಕಪ್ಪ: ಯುರೋಪಿನ ಹಳೇ ಕೋಟೆಗಳಲ್ಲಿ ಕಿಟಕಿ ಪಕ್ಕ ಎದುರುಬದುರು ಕಲ್ಲಿನ ಕಟ್ಟೆ ಇರುತ್ತಿತ್ತು. ಗೋಡೆ ಅಷ್ಟು ದಪ್ಪ, ಅದರೊಳಗೇ ಕೂರಲು ಜಾಗ. ಒಳಗೆಲ್ಲ ಕತ್ತಲೆ, ಬೆಳಕು ಅಲ್ಲಿ ಮಾತ್ರ. ನಿಮ್ಮ ಗೋಡೆ 9 ಇಂಚು. ಕಟ್ಟೆ ಕೋಣೆಯನ್ನೇ ತಿನ್ನಬೇಕು.

ಅಕ್ಕ: ಚಿಕ್ಕಪ್ಪ, ನೀವೂ ಅವರ ಕಡೆನಾ? ಜಾಗ ಎಲ್ಲೂ ಹೋಗುವುದಿಲ್ಲ. ಹೊದಿಕೆ, ದಿಂಬು ಎಲ್ಲ ಕಟ್ಟೆ ಕೆಳಗೆ ಇಡಬಹುದು.

ನಾನು: ಮೇಲಿನ ಹಲಗೆ ಎತ್ತುವ ಥರ ಮಾಡಿಸಬೇಡ ಅಕ್ಕ. ಪ್ರತಿ ಸಲ ಕೂತವರನ್ನು ಎಬ್ಬಿಸಿ ಮೆತ್ತೆ ಇಳಿಸಬೇಕು. ಮುಚ್ಚುವಾಗ ಪುಟ್ಟಿಯ ಬೆರಳು ಸಿಕ್ಕಿಕೊಂಡರೆ ಇನ್ನೂ ಕಷ್ಟ. ಡ್ರಾಯರ್ ಮಾಡಿಸು. ಹಿಂದೆ ಗೋಡೆಗೆ ತಾಗದಂತೆ ಒಂದಿಂಚು ಬಿಡಿಸು, ಗಾಳಿಗೆ ತೂತು ಇರಲಿ. ಹೊರಗೋಡೆ ತಣ್ಣಗಾದರೆ ಒಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಭಾವ: ನಾನು ಇನ್ನೂ ಒಪ್ಪಿಲ್ಲ, ಇವನು ಆಗಲೇ ಡ್ರಾಯರ್ ಜೋಡಿಸುತ್ತಿದ್ದಾನೆ.

ಅಮ್ಮ: ಎತ್ತರ ಎಷ್ಟು? ಫೋಟೊದಲ್ಲಿ ತಗ್ಗು ಕಾಣುತ್ತದೆ. ನನ್ನ ಮಂಡಿಗೆ ಅಲ್ಲಿಂದ ಏಳಲು ಆಗುವುದಿಲ್ಲ.

ನಾನು: ಮೆತ್ತೆ ಸೇರಿ 18 ಇಂಚು ಅಮ್ಮ, ಕುರ್ಚಿಯಷ್ಟೇ. ಮೆತ್ತೆ 4 ಇಂಚು, ಕೂತಾಗ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಹಲಗೆ 14–15ಕ್ಕೆ ನಿಲ್ಲಬೇಕು. ಬಡಗಿಗೆ ಬರೀ 18 ಅಂದರೆ ಹಲಗೆಯನ್ನೇ 18ಕ್ಕೆ ಕೂರಿಸುತ್ತಾರೆ. ನಿನ್ನ ಕಾಲು ನೇತಾಡುತ್ತದೆ.

ಇಲ್ಲಿಯವರೆಗೆ ತಮಾಷೆಯಾಗಿತ್ತು. ಮುಂದಿನ ಮೆಸೇಜಿಗೆ ಅರ್ಧ ಗಂಟೆ ಯಾರೂ ಏನೂ ಅನ್ನಲಿಲ್ಲ.

ಚಿಕ್ಕಪ್ಪ: ಕಿಟಕಿಯ ಕೆಳಗಂಚನ್ನು 3 ಅಡಿ ಮೇಲೆ ಇಟ್ಟರೆ ಮಗು ಬಗ್ಗಿ ಬೀಳುವ ಭಯ ಕಡಿಮೆ. ಅದರ ಕೆಳಗೆ ಒಂದೂವರೆ ಅಡಿ ಕಟ್ಟೆ ಕಟ್ಟಿದರೆ ನಾವೇ ಮೆಟ್ಟಿಲು ಹಾಕಿಕೊಟ್ಟ ಹಾಗೆ. ಪುಟ್ಟಿ ಹತ್ತಿ ನಿಂತರೆ ತಡೆ ಉಳಿಯುವುದು ಒಂದೂವರೆ ಅಡಿ. ನಿಮ್ಮ ಹಾಲ್ ಇರುವುದು ಮಹಡಿಯಲ್ಲಿ.

ಅಕ್ಕ: ಸರಳು ಹಾಕಿಸಿದರೆ ಆಯಿತಲ್ಲ.

ಚಿಕ್ಕಪ್ಪ: ಫೋಟೊದಲ್ಲಿ ಇಲ್ಲವಲ್ಲಮ್ಮ.

ಅಕ್ಕ: ಸರಳು ಬಂದರೆ ಅಂದ ಹೋಗುತ್ತದೆ, ನಿಜ.

ಚಿಕ್ಕಪ್ಪ: ಹಾಗಾದರೆ 4 ಇಂಚಿಗಿಂತ ಜಾಸ್ತಿ ತೆರೆಯದಂತೆ ತಡೆ ಹಾಕಿಸು. ಗಾಜು ಟಫನ್ಡ್ ಇರಲಿ, ಸುಲಭಕ್ಕೆ ಒಡೆಯದ ಗಟ್ಟಿ ಗಾಜು. ಒರಗಿದಾಗ ಬೆನ್ನ ಹಿಂದೆ ಇರುವುದು ಅದೇ ಅಲ್ವಾ?

ಭಾವ: ಪಶ್ಚಿಮದ ಕಿಟಕಿ ಬೇರೆ. ಮಧ್ಯಾಹ್ನ ಕೂರಲು ಆಗುವುದಿಲ್ಲ, ಮೆತ್ತೆಯ ಬಣ್ಣವೂ ಹೋಗುತ್ತದೆ.

ಅಕ್ಕ: ಸಂಜೆ ಕೂರುತ್ತೇನೆ.

ಅಮ್ಮ: ಜಗಳ ಸಾಕು. ಈಗಿನ ಮನೆಯಲ್ಲಿ ಕಿಟಕಿಗೆ ಒತ್ತಿ ಬೆಂಚು ಹಾಕಿ ಕೂತು ನೋಡು.

ನಮ್ಮೆಲ್ಲರ ಲೆಕ್ಕಕ್ಕಿಂತ ಇದು ಕೆಲಸಕ್ಕೆ ಬಂದ ಮಾತು. ಅಕ್ಕ ಒಂದು ಗಂಟೆ ಕಾಣಲಿಲ್ಲ.

ಅಕ್ಕ: ಕೂತೆ. ಕೋಣೆ ಕಡೆ ಮುಖ ಮಾಡಿದರೆ ಕಿಟಕಿಯ ಹಿಡಿ ಬೆನ್ನಿಗೆ ಚುಚ್ಚುತ್ತದೆ. ಅಡ್ಡ ಕೂತು ಕಾಲು ಚಾಚಿದರೆ ಸುಖ. ಆದರೆ ಒರಗಲು ಪಕ್ಕದಲ್ಲಿ ಗೋಡೆ ಬೇಕು.

ಭಾವ: ಹೊಸ ಮನೆಯಲ್ಲಿ ಆ ಕಿಟಕಿ ಪಕ್ಕ ಗೋಡೆ ಎಲ್ಲಿದೆ?

ಅಕ್ಕ: ಎರಡು ಬದಿಗೂ ಪುಸ್ತಕದ ಕಪಾಟು ನಿಲ್ಲಿಸೋಣ. ಮಧ್ಯೆ 5 ಅಡಿ ಕಟ್ಟೆ.

ಭಾವ: ಬೆಳಗ್ಗೆ ಕಟ್ಟೆ ಒಂದೇ ಇತ್ತು. ಈಗ ಕಪಾಟು ಎರಡು.

ನಾನು: ಭಾವ, ಕಿಟಕಿ ಬಾಗಿಲು ತೆರೆಯುವುದು ಒಳಗಾ ಹೊರಗಾ? ಒಳಗಾದರೆ ಕೂತವರ ತಲೆಗೆ ಬಡಿಯುತ್ತದೆ.

ಭಾವ: ತಡಿ, ಆರ್ಡರ್ ಚೀಟಿ ನೋಡಿ ಹೇಳುತ್ತೇನೆ.

ಅಕ್ಕ: ಆರ್ಡರ್ ಕೊಟ್ಟಾಯಿತಾ? ಯಾವಾಗ ರೀ?

ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಆಮೇಲಿನ ಮಾತು ಗುಂಪಿಗೆ ಬರಲಿಲ್ಲ.