ಮೊದಲ ಆಲ್ಬಮ್ ಬಿಡ್ತಿದ್ದೀವಿ, ಅನುಭವ ಇರೋರು ಸ್ವಲ್ಪ ಹೇಳಿ

ಮೈಸೂರಿನಿಂದ ಕೇಳ್ತಿರೋದು:
ನಾನು ಬರೆದು ಹಾಡ್ತೀನಿ, ಜೊತೆಗೆ ನಾಲ್ಕು ಜನ ನುಡಿಸ್ತಾರೆ. ಎಂಟು ಹಾಡು ಮಿಕ್ಸ್ ಆಗಿ ಕೂತಿವೆ. ಆರು ನನ್ನವು, ಒಂದು ಬೇಂದ್ರೆ ಕವಿತೆ, ಒಂದು ಶಿಶುನಾಳ ಶರೀಫರ ತತ್ವಪದ. ಲೇಬಲ್ ಇಲ್ಲ, ಕೈಯಿಂದಲೇ ದುಡ್ಡು ಹಾಕಿದ್ದೀವಿ. ಬರೋ ಶುಕ್ರವಾರ ಎಂಟನ್ನೂ ಒಟ್ಟಿಗೆ ಬಿಡೋಣ ಅಂತಿದ್ದೀವಿ. ಎಡವೋ ಜಾಗ ಎಲ್ಲಿ?

ಬೆಂಗಳೂರು, ಡ್ರಮ್ಸ್ ನುಡಿಸೋನು:
ಮೊದಲು ಆ ಶುಕ್ರವಾರವನ್ನ ಮರೆತುಬಿಡಿ. ನಾವು ಮಂಗಳವಾರ ರಾತ್ರಿ, ಸ್ಪಾಟಿಫೈ ಥರದ ಆ್ಯಪ್‌ಗಳಿಗೆ ಹಾಡು ತಲುಪಿಸೋ ವಿತರಣೆ ಕಂಪನಿಯಲ್ಲಿ ಅಪ್‌ಲೋಡ್ ಮಾಡಿ ಶುಕ್ರವಾರ ಬೆಳಗ್ಗೆ ಎದ್ದು ನೋಡಿದ್ರೆ, ನಮ್ಮ ಹಾಡೆಲ್ಲ ನಮ್ಮದೇ ಹೆಸರಿರೋ ಯಾವುದೋ ಭಜನಾ ತಂಡದ ಪುಟದಲ್ಲಿ! ಸರಿಪಡಿಸೋಕೆ ಹತ್ತು ದಿನ ಹಿಡೀತು, ಅಷ್ಟರಲ್ಲಿ ನೆಂಟರಿಷ್ಟರ ಉತ್ಸಾಹವೂ ಇಳಿದಿತ್ತು.

ಸ್ಪಾಟಿಫೈನಲ್ಲಿ ಪ್ಲೇಲಿಸ್ಟ್‌ಗೆ ಹಾಡು ಆರಿಸೋ ಸಂಪಾದಕರಿಗೆ ಹಾಡು ಕಳಿಸೋದು ಬಿಡುಗಡೆಗೆ ಮುಂಚೆ ಮಾತ್ರ. 7 ದಿನ ಮೊದಲಾದ್ರೂ ಕಳಿಸಿದ್ರೆ ನಿಮ್ಮನ್ನ ಫಾಲೋ ಮಾಡೋರ ರಿಲೀಸ್ ರಾಡಾರ್‌ಗೆ, ಅಂದ್ರೆ ವಾರವಾರ ಹೊಸ ಹಾಡು ತೋರಿಸೋ ಪಟ್ಟಿಗೆ, ಅದೇ ಹಾಡು ಹೋಗುತ್ತೆ. ನಾಲ್ಕು ವಾರ ಇಟ್ಕೊಳ್ಳಿ ಅಂತೀನಿ ನಾನು. ಒಂದು ಸಲಕ್ಕೆ ಒಂದೇ ಹಾಡು ತಗೋತಾರೆ, ಎಂಟೂ ಒಟ್ಟಿಗೆ ಬಿಟ್ರೆ ಏಳು ಹಾಡಿಗೆ ಆ ಬಾಗಿಲೇ ಇಲ್ಲ. ಎರಡು ಮೂರು ಸಿಂಗಲ್ ಮೊದಲು ಬಿಡಿ. ಆಮೇಲೆ ಆಲ್ಬಮ್‌ಗೆ ಸೇರಿಸುವಾಗ ಅದೇ ಐಎಸ್‌ಆರ್‌ಸಿ ಹಾಕಿ. ಪ್ರತಿ ರೆಕಾರ್ಡಿಂಗಿಗೂ ಇರೋ 12 ಅಕ್ಷರದ ಗುರುತು ಅದು. ಬದಲಾದ್ರೆ ಕೇಳಿದ ಲೆಕ್ಕ ಮತ್ತೆ ಸೊನ್ನೆಯಿಂದ.

ಧಾರವಾಡ, ಹಾಡುವಾಕಿ:
ತಮ್ಮಾ, ಶರೀಫಜ್ಜನ ಪದಕ್ಕ ಯಾರನ್ನೂ ಕೇಳೂದು ಬ್ಯಾಡ, ಅಜ್ಜ ಹೋಗಿದ್ದು 1889ರಾಗ. ಆದ್ರ ಆ ಧಾಟಿ ನಿಮ್ಮದೋ, ಯಾವುದರೆ ಕ್ಯಾಸೆಟ್ಟಿನಿಂದ ಎತ್ತಿದ್ದೋ? ಪದ ಎಲ್ಲಾರದು, ಈಗಿನವ್ರು ಹಾಕಿದ ಧಾಟಿ ಹಾಕಿದವರದು.

ಬೇಂದ್ರೆ ಅಜ್ಜ ತೀರಿಕೊಂಡಿದ್ದು 1981ರಾಗ. ಕವಿ ಹೋದ ಮುಂದಿನ ವರ್ಷದಿಂದ 60 ವರ್ಷ ಎಣಸಬೇಕು, ಅಂದ್ರ 2041 ಮುಗಿಯೂತನಕ ಹಕ್ಕು ಇರ್ತದ. ನಾ ಬ್ಯಾರೆ ಒಬ್ರು ಕವಿಗಳ ಪದ್ಯ ಹಾಡಿದಾಗ ಅವರ ಮನಿಯವರು ಫೋನಿನ್ಯಾಗ "ಹಾಡವಾ ತಂಗಿ" ಅಂದ್ರು, ನಾ ಅಷ್ಟಕ್ಕ ಖುಷಿ. ಮುಂದ ವಿತರಣೆಯವರು ಕಾಗದ ಕೇಳಿದ್ರು. ನೋಡಿದ್ರ ವಾರಸುದಾರರು ಮೂರು ಮಂದಿ, ಒಬ್ರು ಅಮೆರಿಕಾದಾಗ. ಸಹಿ ಬರಲಿಕ್ಕೆ ಐದು ತಿಂಗಳು! ಯಾವ ಪದ್ಯ, ಎಷ್ಟು ನುಡಿ, ಯೂಟ್ಯೂಬ್ ಸೇರಿ ಎಲ್ಲೆಲ್ಲಿ ಬಿಡ್ತೀರಿ, ರಾಯಲ್ಟಿ ಹೆಂಗ ಅಂತ ಒಂದು ಹಾಳಿ ಬರಸ್ಕೊರಿ. ನುಡಿ ಹಿಂದಮುಂದ ಮಾಡಿದ್ರ ಅದನ್ನೂ ಮುಚ್ಚಿಡಬ್ಯಾಡ್ರಿ.

ತುಮಕೂರು, ಹಾಡು ಬರೆಯೋನು:
ಪಾಲಿನ ಮಾತು ಯಾರೂ ಎತ್ತಲಿಲ್ಲ. ನನ್ನ ಮೊದಲ ಬ್ಯಾಂಡ್ ಒಡೆದಿದ್ದು ಎಂಟು ಸೆಕೆಂಡಿನ ಗಿಟಾರ್ ತುಣುಕಿಗೆ. ಹಾಡು ಗುರುತು ಸಿಗೋದೇ ಅದರಿಂದ, ನಾನೂ ಸಂಯೋಜಕ ಅಂತ ಅವನು. ರಾಗ ಕೂರಿಸಿದ್ದು ನಾನು ಅಂತ ನಾನು. ಇಬ್ಬರ ಮಾತಲ್ಲೂ ನಿಜ ಇತ್ತು, ಹಾಗಾಗಿ ಜಗಳ ಮುಗೀಲೇ ಇಲ್ಲ. ಎರಡನೇ ಬ್ಯಾಂಡಲ್ಲಿ ಹಾಡು ಒಂದು ರೂಪಕ್ಕೆ ಬಂದ ದಿನವೇ ಹಾಳೆ: ಸಾಹಿತ್ಯ ಯಾರದು, ಸಂಗೀತದಲ್ಲಿ ಯಾರಿಗೆ ಎಷ್ಟು ಪಾಲು, ರೆಕಾರ್ಡಿಂಗ್ ಯಾರದು. ಬೇಸ್ ನುಡಿಸೋನು "ಮದುವೆಗೆ ಮುಂಚೆನೇ ಡೈವೋರ್ಸ್ ಪೇಪರ್ರಾ?" ಅಂದ, ಆದ್ರೂ ಸಹಿ ಹಾಕಿದ.

ಅದೇ ಪಾಲಿನ ಪ್ರಕಾರ, ಬರೆದವರಿಗೆ ಸಂಯೋಜಿಸಿದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡೋ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸದಸ್ಯರಾಗಿ ಹಾಡು ನೋಂದಾಯಿಸಿ. ಮುಂದೆ ಲೇಬಲ್ ಬಂದು ಎಲ್ಲ ಬರೆದುಕೊಡಿ ಅಂದ್ರೂ, ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದ್ಮೇಲೆ ಬರೆದವರ, ಸಂಯೋಜಿಸಿದವರ ರಾಯಲ್ಟಿ ಪಾಲನ್ನ ಲೇಬಲ್‌ಗೆ ಬಿಟ್ಟುಕೊಡೋ ಹಾಗಿಲ್ಲ. ಸ್ಪಾಟಿಫೈ ದುಡ್ಡು ನಂಬ್ಕೊಂಡು ಸಾಲ ಮಾತ್ರ ಮಾಡ್ಬೇಡಿ. 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿನ ರೆಕಾರ್ಡಿಂಗಿಗೆ ಅಲ್ಲಿ ಪೈಸೆ ಹುಟ್ಟಲ್ಲ.

ಮತ್ತೆ ಡ್ರಮ್ಸ್:
ಒಂದು ಮರೆತೆ. ಕೆಲವು ವಿತರಣೆ ಕಂಪನಿಗಳಲ್ಲಿ ವರ್ಷದ ಚಂದಾ ನಿಲ್ಲಿಸಿದ್ರೆ ಹಾಡೇ ಕೆಳಗಿಳಿಯುತ್ತೆ. ಖಾತೆ ಯಾರ ಹೆಸರಲ್ಲಿ, ಯಾರ ಕಾರ್ಡ್ ಅನ್ನೋದನ್ನೂ ಆ ಹಾಳೆಲಿ ಬರೆದಿಡಿ.

ಮೈಸೂರು:
ಶುಕ್ರವಾರ ಕೈಬಿಟ್ವಿ. ಬೇಂದ್ರೆ ಹಾಡು ಪಕ್ಕಕ್ಕಿಟ್ಟಿದ್ದೀವಿ, ಅನುಮತಿ ಬಂದ್ರೆ ಸೇರಿಸ್ತೀವಿ. ಶರೀಫರ ಪದ ನಮ್ಮ ಅಜ್ಜಿ ಹಾಡ್ತಿದ್ದ ಧಾಟಿ, ಅಕ್ಕಾ. ಅಜ್ಜಿ ಎಲ್ಲಿಂದ ಕಲಿತಿದ್ರು ಅಂತ ಇವತ್ತು ಅಮ್ಮನ್ನ ಕೇಳ್ಬೇಕು.