ತಂತ್ರಾಂಶದ ರಚನೆಯ ನಕ್ಷೆ ಹಳತಾಗದಂತೆ ನೋಡಿಕೊಳ್ಳಲು ಯಾವ ಸಾಧನ ಸೂಕ್ತ?

ಪ್ರಶ್ನೆ (ಮಲ್ಪೆ)

ನಮಸ್ಕಾರ. ಬಂದರಿನ ಮೀನಿನ ಏಲಂ, ಬೋಟುಗಳ ಡೀಸೆಲ್ ಮತ್ತು ಮಂಜುಗಡ್ಡೆಯ ಲೆಕ್ಕ ನೋಡಿಕೊಳ್ಳುವ ತಂತ್ರಾಂಶವೊಂದನ್ನು ನಮ್ಮ 5 ಜನರ ತಂಡ ನಿರ್ವಹಿಸುತ್ತಿದೆ. ಮೂರು ವರ್ಷಗಳ ಹಿಂದೆ ಡ್ರಾ.ಐಒ ಎಂಬ ಚಿತ್ರ ಬಿಡಿಸುವ ಸಾಧನದಲ್ಲಿ ತಯಾರಿಸಿದ ನಕ್ಷೆಯಲ್ಲಿ, ತಂತ್ರಾಂಶದ ಬೇರೆ ಬೇರೆಯಾಗಿ ಓಡುವ ಭಾಗಗಳಾದ 6 ಸರ್ವಿಸ್‌ಗಳಿವೆ. ಈಗ ಓಡುತ್ತಿರುವುದು 13. ಹೊಸದಾಗಿ ಸೇರಿದವರೊಬ್ಬರು ಆ ನಕ್ಷೆಯನ್ನೇ ನಂಬಿ, ಏಲಂ ಮೊತ್ತ ನೇರವಾಗಿ ಲೆಕ್ಕದ ಡೇಟಾಬೇಸಿಗೆ ಹೋಗುತ್ತದೆಂದು ತಿಳಿದು, ನಡುವಿನ ಸಂದೇಶಗಳ ಕ್ಯೂ (ಸಂದೇಶಗಳು ಸರದಿಯಲ್ಲಿ ಕಾಯುವ ಜಾಗ) ಗಮನಿಸದೆ ಬದಲಾವಣೆ ಮಾಡಿದ್ದರಿಂದ ಒಂದು ದಿನದ ಲೆಕ್ಕವನ್ನು ನಾವೆಲ್ಲ ಕುಳಿತು ಕೈಯಿಂದಲೇ ಸರಿಪಡಿಸಬೇಕಾಯಿತು. ತಪ್ಪು ಅವರದಲ್ಲ, ನಕ್ಷೆಯದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಬಿಡುವಿನಲ್ಲಿ ಇದನ್ನು ಸರಿಪಡಿಸಬೇಕೆಂದಿದ್ದೇವೆ. ದುಬಾರಿ ಸಾಧನ ಕೊಳ್ಳುವ ಶಕ್ತಿ ನಮಗಿಲ್ಲ. ದಯವಿಟ್ಟು ಸಲಹೆ ನೀಡಿ.

ಉತ್ತರ (ಮಣಿಪಾಲ)

ಡ್ರಾ.ಐಒದಲ್ಲಿ ನೀವು ಬಿಡಿಸುವುದು ಬರಿಯ ಆಕಾರಗಳನ್ನು. ಒಂದೇ ಸರ್ವಿಸ್ ನಾಲ್ಕು ಚಿತ್ರಗಳಲ್ಲಿದ್ದರೆ ಅದರ ಹೆಸರನ್ನು ನಾಲ್ಕು ಕಡೆ ಬದಲಿಸಬೇಕು, ಒಂದು ಕಡೆ ಮರೆತರೂ ಅದು ಎಚ್ಚರಿಸುವುದಿಲ್ಲ. ಸ್ಟ್ರಕ್ಚರೈಸರ್ ಎಂಬ ಸಾಧನದಲ್ಲಿ ಹಾಗಲ್ಲ: ಯಾವ ಸರ್ವಿಸ್ ಇದೆ, ಅದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಪಠ್ಯವಾಗಿ ಒಮ್ಮೆ ಬರೆದರೆ ಬೇಕಾದಷ್ಟು ಚಿತ್ರಗಳನ್ನು ಅದೇ ಮೂಲದಿಂದ ಪಡೆಯಬಹುದು. ಇದನ್ನು ರೂಪಿಸಿದ ಸೈಮನ್ ಬ್ರೌನ್ ಅವರದೇ ಸಿ4 ಮಾದರಿಯಲ್ಲಿ (ತಂತ್ರಾಂಶದ ರಚನೆಯನ್ನು ಹಂತಹಂತವಾಗಿ ತೋರಿಸುವ ಕ್ರಮ) ಸಂದರ್ಭ (ಇಡೀ ತಂತ್ರಾಂಶ ಮತ್ತು ಅದನ್ನು ಬಳಸುವವರು), ಕಂಟೇನರ್, ಕಾಂಪೊನೆಂಟ್, ಕೋಡ್ ಎಂಬ 4 ಹಂತಗಳಿವೆ. ಇಲ್ಲಿನ ಕಂಟೇನರ್ ಎಂದರೆ ತಂತ್ರಾಂಶವನ್ನು ಕಟ್ಟಿ ಓಡಿಸುವ ಸಾಧನವಾದ ಡಾಕರ್‌ನದಲ್ಲ. ತಾನಾಗಿ ಓಡುವ ಅಪ್ಲಿಕೇಶನ್ ಅಥವಾ ದತ್ತಾಂಶದ ಸಂಗ್ರಹ. ಮೊದಲೆರಡು ಹಂತಗಳೇ ಹೆಚ್ಚಿನ ತಂಡಗಳಿಗೆ ಸಾಕು.

ಉತ್ತರ (ಕದ್ರಿ, ಮಂಗಳೂರು)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಕಲಿಯಲು ಸಮಯವಿಲ್ಲದಿದ್ದರೆ, ಪಠ್ಯದಿಂದ ಚಿತ್ರ ತಯಾರಿಸುವ ಮರ್ಮೇಡ್‌ನಿಂದ ಆರಂಭಿಸಬಹುದು. ಕೋಡ್ ಇಡುವ ತಾಣವಾದ ಗಿಟ್‌ಹಬ್ 2022ರ ಫೆಬ್ರವರಿಯಿಂದ ಅದರ ಪಠ್ಯವನ್ನು ನೇರವಾಗಿ ಚಿತ್ರವಾಗಿ ತೋರಿಸುತ್ತಿದೆ. ನಕ್ಷೆಯ ಪಠ್ಯ ಕೋಡಿನ ಜೊತೆಯಲ್ಲೇ ಇರುವುದರಿಂದ, ಕೋಡ್ ಪರಿಶೀಲಿಸುವವರು ನಕ್ಷೆಯ ಬದಲಾವಣೆಯನ್ನೂ ಸಾಲು ಸಾಲಾಗಿ ನೋಡಬಹುದು. ಪೆಟ್ಟಿಗೆಗಳನ್ನು ಎಲ್ಲಿಡಬೇಕೆಂಬುದು ಮಾತ್ರ ಹೆಚ್ಚಾಗಿ ನಿಮ್ಮ ಕೈಯಲ್ಲಿರುವುದಿಲ್ಲ, ಅವು ಹೆಚ್ಚಿದಂತೆ ಗೆರೆಗಳು ಒಂದರ ಮೇಲೊಂದು ಹಾಯುತ್ತವೆ. ಅದೇ ಬಗೆಯ ಪ್ಲಾಂಟ್‌ಯುಎಂಎಲ್ ಕೂಡ ಉಚಿತ. ಬೋಟಿನ ಮಾಲೀಕರಿಗೆ ತೋರಿಸಲು ಅದರಲ್ಲಿ ಕನ್ನಡದಲ್ಲೇ ಹೆಸರು ಬರೆಯುವುದಾದರೆ, ಚಿತ್ರ ತಯಾರಾಗುವ ಸರ್ವರಿನಲ್ಲಿ ನೋಟೊ ಸಾನ್ಸ್ ಕನ್ನಡದಂತಹ ಫಾಂಟ್ ಹಾಕಿಡಿ. ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ.

ಪ್ರಶ್ನೆ ಕೇಳಿದವರು (ಮಲ್ಪೆ)

ಇಬ್ಬರಿಗೂ ಧನ್ಯವಾದಗಳು. ಸ್ಟ್ರಕ್ಚರೈಸರ್‌ನಲ್ಲಿ ಮೊದಲೆರಡು ಹಂತಗಳನ್ನು ಬರೆಯಲು ನಿರ್ಧರಿಸಿದ್ದೇವೆ. ಸಂದೇಶಗಳ ಬ್ರೋಕರ್ (ಈ ಕ್ಯೂಗಳನ್ನು ನಡೆಸುವ ತಂತ್ರಾಂಶ) ಅನ್ನು ಒಂದೇ ಪೆಟ್ಟಿಗೆಯಾಗಿ ತೋರಿಸಿದರೆ ಸಾಕೇ?

ಉತ್ತರ (ಮಣಿಪಾಲ)

ಬೇಡ. ಹಾಗೆ ಮಾಡಿದರೆ ಎಲ್ಲ ಬಾಣಗಳೂ ನಡುವಿನ ಆ ಒಂದು ಪೆಟ್ಟಿಗೆಗೇ ಹೋಗಿ, ಯಾರ ಸಂದೇಶ ಯಾರನ್ನು ತಲುಪುತ್ತದೆ ಎಂಬುದು ಮರೆಯಾಗುತ್ತದೆ. ಪ್ರತಿಯೊಂದು ಕ್ಯೂವನ್ನೂ ಬೇರೆ ಬೇರೆ ಕಂಟೇನರ್ ಆಗಿ, ಅದರ ಹೆಸರಿನೊಂದಿಗೆ ಬರೆಯಿರಿ. ಏಲಂ ಮೊತ್ತದ ಕ್ಯೂವಿನಿಂದಲೇ ಆರಂಭಿಸಿ.