ಮೂರು ತಲೆಮಾರು ಒಟ್ಟಿಗೆ ಕುಳಿತು ನೋಡಬಹುದಾದ ಈಚಿನ ಕನ್ನಡ ಚಿತ್ರಗಳು: ನೋಡಿದವರ ಅಭಿಪ್ರಾಯ

ಪುಣೆಯಿಂದ ಬಂದ ಪ್ರಶ್ನೆ

ಧಾರವಾಡದಲ್ಲಿರುವ ನನ್ನ ತಂದೆ-ತಾಯಿ ಈ ಮಳೆಗಾಲವನ್ನು ನಮ್ಮೊಂದಿಗೆ ಪುಣೆಯಲ್ಲಿ ಕಳೆಯಲು ಬರುತ್ತಿದ್ದಾರೆ. ತಂದೆಯವರು ನಿವೃತ್ತ ಕನ್ನಡ ಶಿಕ್ಷಕರು. ತಾಯಿಯವರಿಗೆ ಸಿನಿಮಾ ಎಂದರೆ ಜೀವ, ಆದರೆ ಈಗ ಕಿವಿ ಸ್ವಲ್ಪ ಮಂದವಾಗಿದೆ. ಒಂಬತ್ತನೆಯ ತರಗತಿಯಲ್ಲಿರುವ ಮಗಳು ಮನೆಯಲ್ಲಿ ಕನ್ನಡ ಮಾತನಾಡುತ್ತಾಳಾದರೂ ಓದಲು ತಡವರಿಸುತ್ತಾಳೆ. ನಾವೆಲ್ಲರೂ ಒಟ್ಟಿಗೆ ಕುಳಿತು ಕನ್ನಡ ಚಿತ್ರ ನೋಡಿ ವರ್ಷಗಳೇ ಕಳೆದಿವೆ. 2022ರಿಂದ ಈಚೆಗೆ ಬಂದ ಚಿತ್ರಗಳಲ್ಲಿ ತಾವು ಯಾವುದನ್ನು ನೋಡಿದಿರಿ, ಏನು ಹಿಡಿಸಿತು, ಎಲ್ಲಿ ಬೇಸರ ಬಂತು ಎಂಬುದನ್ನು ಬಿಚ್ಚುಮನಸ್ಸಿನಿಂದ ತಿಳಿಸಿದರೆ ಉಪಕಾರವಾಗುತ್ತದೆ. ಯಾವ ಚಿತ್ರ ಎಷ್ಟು ಕೋಟಿ ಗಳಿಸಿತು ಎಂಬ ಲೆಕ್ಕ ನಮಗೆ ಬೇಡ.

ಮಂಗಳೂರಿನಿಂದ

ನಾನು ಮೊದಲು ಹೇಳುವ ಹೆಸರು ‘ಸು ಫ್ರಮ್ ಸೋ’. 2025ರ ಜುಲೈನಲ್ಲಿ ತೆರೆಕಂಡ ಈ ಚಿತ್ರವನ್ನು ಜೆ.ಪಿ. ತುಮಿನಾಡು ಅವರು ನಿರ್ದೇಶಿಸಿ, ಅಶೋಕ ಎಂಬ ಮುಖ್ಯ ಪಾತ್ರವನ್ನೂ ತಾವೇ ಮಾಡಿದ್ದಾರೆ. ಕರಾವಳಿಯ ಹಳ್ಳಿಯೊಂದರಲ್ಲಿ ಮಾಡಬಾರದ್ದನ್ನು ಮಾಡಿ ಸಿಕ್ಕಿಬಿದ್ದ ಹುಡುಗ, ಪಾರಾಗುವುದಕ್ಕೆಂದು ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ ಮತ್ತು ಊರಿಗೆ ಊರೇ ಅದನ್ನು ನಂಬಿಬಿಡುತ್ತದೆ. ಕಥೆ ಇಷ್ಟೇ ಆದರೂ, ಆ ಊರಿನ ಒಬ್ಬೊಬ್ಬರನ್ನೂ ನಾವು ಎಲ್ಲೋ ಕಂಡಿದ್ದೇವೆ ಅನ್ನಿಸುವಂತೆ ಬರೆದಿದ್ದಾರೆ. ಶನೀಲ್ ಗೌತಮ್ ಅವರು ಮಾಡಿರುವ ರವಿಯಣ್ಣನ ಪಾತ್ರವನ್ನೇ ನೋಡಿ. ಮದುವೆಯಿರಲಿ, ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆಯಿರಲಿ, ಎಲ್ಲದಕ್ಕೂ ಮುಂದೆ ನಿಲ್ಲುವ, ಯಾರೂ ಎದುರು ಮಾತನಾಡದ ಇಂತಹ ಒಬ್ಬ ಅಣ್ಣ ನಮ್ಮ ಕಡೆಯ ಪ್ರತಿ ಊರಿನಲ್ಲೂ ಇರುತ್ತಾನೆ. ಅವನ ಗತ್ತು ಮೆಲ್ಲನೆ ಇಳಿಯುತ್ತಾ ಹೋಗುವ ಬಗೆಯನ್ನು ಒಂದೇ ಒಂದು ಹೆಚ್ಚಿನ ಮಾತಿಲ್ಲದೆ ತೋರಿಸಿರುವುದು ನನಗೆ ಬಹಳ ಹಿಡಿಸಿತು.

ತಮ್ಮ ಮನೆಯವರ ದೃಷ್ಟಿಯಿಂದ ಎರಡು ಮಾತು ಹೇಳಬೇಕು. ಅಶೋಕ ಸಿಕ್ಕಿಬೀಳುವ ಪ್ರಸಂಗ ಸ್ನಾನದ ಮನೆಯಲ್ಲಿ ಇಣುಕಿದ್ದಕ್ಕೆ ಸಂಬಂಧಿಸಿದ್ದು. ಚಿತ್ರ ಅದನ್ನು ಮೆಚ್ಚಿಕೊಳ್ಳುವುದಿಲ್ಲ, ಮುಂದೆ ಹೆಣ್ಣೊಬ್ಬಳ ಸಂಕಟದ ಕಡೆಗೇ ಹೊರಳುತ್ತದೆ. ಆದರೂ ಹದಿನಾಲ್ಕರ ಮಗಳ ಜೊತೆಗೆ ಅಜ್ಜ-ಅಜ್ಜಿ ಕುಳಿತಿರುವಾಗ ಆ ಕ್ಷಣ ಕೊಂಚ ಇರುಸುಮುರುಸಾದೀತು ಎಂಬುದು ಗೊತ್ತಿರಲಿ. ಇನ್ನೊಂದು, ನಮ್ಮ ಕರಾವಳಿಯ ಕನ್ನಡ. ಹಾಸ್ಯವೆಲ್ಲ ಮಾತಿನ ವೇಗದಲ್ಲೇ ಇದೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಧಾರವಾಡದ ಹಿರಿಯರಿಗೆ, ಅದರಲ್ಲೂ ಕಿವಿ ಮಂದವಾದವರಿಗೆ, ಅರ್ಧ ಹಾಸ್ಯ ತಪ್ಪಿಹೋಗಬಹುದು. ಇದನ್ನು ಚಿತ್ರಮಂದಿರದಲ್ಲಿ ನೋಡುವುದಕ್ಕಿಂತ ಮನೆಯಲ್ಲಿ, ಬೇಕೆಂದಾಗ ನಿಲ್ಲಿಸಿ ಹಿಂದಕ್ಕೆ ಹೋಗುವ ಅನುಕೂಲದೊಂದಿಗೆ ನೋಡುವುದೇ ಒಳ್ಳೆಯದು.

ಕೊಪ್ಪಳದಿಂದ

ಮೇಲಿನವರು ಮಾತಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ನಾನು ಹೇಳಬೇಕೆಂದಿರುವುದೂ ಅದನ್ನೇ. ಉತ್ತರ ಕರ್ನಾಟಕದ ನಮ್ಮ ಮಾತು ಬಹುಕಾಲ ಸಿನಿಮಾದಲ್ಲಿ ನಗಿಸುವ ಪಾತ್ರಗಳ ಪಾಲಿಗೆ ಮಾತ್ರ ಬರುತ್ತಿತ್ತು. ಆಳುಮಗ, ಪೇದೆ, ಬಸ್ಸಿನಲ್ಲಿ ಜಗಳವಾಡುವ ಹೆಂಗಸು ಇವರ ಬಾಯಲ್ಲಿ ‘ಹೌದ್ರಿ’, ‘ಇಲ್ರಿ’ ಎಂದು ತುರುಕಿ ಮುಗಿಸುತ್ತಿದ್ದರು. ಹಾಗಾಗಿ ‘ಶಿವಮ್ಮ ಯರೇಹಂಚಿನಾಳ’ ನೋಡಿದಾಗ ನನಗಾದ ಸಂತೋಷ ದೊಡ್ಡದು. ಜೈಶಂಕರ್ ಆರ್ಯರ್ ಅವರ ಈ ಚಿತ್ರಕ್ಕೆ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ದೊರಕಿತು. ನಮ್ಮ ಚಿತ್ರಮಂದಿರಗಳಿಗೆ ಅದು ಬಂದದ್ದು 2024ರ ಜೂನ್‌ನಲ್ಲಿ.

ಯರೇಹಂಚಿನಾಳ ನಮ್ಮ ಜಿಲ್ಲೆಯದೇ ಊರು. ಶಿವಮ್ಮ ಅಲ್ಲಿನ ಶಾಲೆಯಲ್ಲಿ ಅಡುಗೆ ಮಾಡುವಾಕೆ. ಗಂಡ ಪಾರ್ಶ್ವವಾಯು ಹೊಡೆದು ಮನೆಯಲ್ಲಿದ್ದಾನೆ, ಮಗಳ ಮದುವೆ ಎದುರಿಗಿದೆ. ಇಂತಹ ಹೊತ್ತಿನಲ್ಲಿ ಆಕೆ ಶಕ್ತಿ ಕೊಡುತ್ತದೆ ಎನ್ನಲಾಗುವ ಪಾನೀಯವೊಂದನ್ನು ಸರಪಳಿ ವ್ಯಾಪಾರದಲ್ಲಿ ಮಾರುವುದಕ್ಕೆ ಇಳಿದು, ಕೂಡಿಟ್ಟ ಹಣವನ್ನೆಲ್ಲ ಅದರಲ್ಲಿ ತೊಡಗಿಸುತ್ತಾಳೆ. ಶರಣಮ್ಮ ಚೆಟ್ಟಿ ಅವರ ಅಭಿನಯದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಮಾರಲು ಹೋದಾಗ ಆಕೆ ಬೇಡುವುದಿಲ್ಲ, ಅಂಗಲಾಚುವುದಿಲ್ಲ. ಕೊಳ್ಳದವನದೇ ತಪ್ಪು ಎಂಬಂತೆ ಗಟ್ಟಿ ದನಿಯಲ್ಲಿ ಮಾತನಾಡುತ್ತಾಳೆ. ಆ ಹಟವನ್ನು ನೋಡುತ್ತಾ ಮೊದಲು ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ಸಿಟ್ಟು ಬರುತ್ತದೆ, ಕೊನೆಗೆ ಆಕೆಯ ಪರವಾಗಿ ನಿಲ್ಲದೆ ಬೇರೆ ದಾರಿಯೇ ಇಲ್ಲವಾಗುತ್ತದೆ. ದುಡ್ಡು ದುಪ್ಪಟ್ಟು ಮಾಡಿಕೊಡುತ್ತೇವೆಂದು ಮನೆಗೆ ಬರುವವರನ್ನು ಕಾಣದ ಹಳ್ಳಿ ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಆ ಮೋಸದ ಬಗ್ಗೆ ಭಾಷಣ ಮಾಡದೆ, ಅದಕ್ಕೆ ಸಿಕ್ಕವರ ಆಸೆಯನ್ನೂ ಹೀಯಾಳಿಸದೆ ಚಿತ್ರ ಮಾಡುವುದು ಕಷ್ಟದ ಕೆಲಸ.

ಹಾಡಿಲ್ಲ, ಹೊಡೆದಾಟವಿಲ್ಲ, ವೇಗವೂ ಇಲ್ಲ. ಮೊದಲ ಅರ್ಧ ಗಂಟೆ ಮಗಳು ಚಡಪಡಿಸಬಹುದು. ಆದರೆ ತಂದೆಯವರಿಗೂ ತಾಯಿಯವರಿಗೂ ಒಂದು ಮಾತೂ ಅಪರಿಚಿತವೆನಿಸುವುದಿಲ್ಲ. ಅವರೇ ಮೊಮ್ಮಗಳಿಗೆ ಬಿಡಿಸಿ ಹೇಳುವಂತಹ ಚಿತ್ರ ಇದು. ಎಲ್ಲಿ ನೋಡಲು ಸಿಕ್ಕಿದರೂ ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ.

ಬೆಂಗಳೂರಿನಿಂದ

ತಾಯಿಯವರಿಗಾಗಿ ಒಂದು ಚಿತ್ರ ಆರಿಸಿ ಎಂದರೆ ನಾನು ‘ಆಚಾರ್ & ಕೋ’ ಎನ್ನುತ್ತೇನೆ. 2023ರ ಜುಲೈನಲ್ಲಿ ಬಂದದ್ದು. ಸಿಂಧು ಶ್ರೀನಿವಾಸಮೂರ್ತಿ ಅವರು ನಿರ್ದೇಶಿಸಿ, ಸುಮಾ ಎಂಬ ಮುಖ್ಯ ಪಾತ್ರದಲ್ಲೂ ನಟಿಸಿದ್ದಾರೆ. ಕಳೆದ ಶತಮಾನದ ಅರವತ್ತು-ಎಪ್ಪತ್ತರ ದಶಕದ ಬೆಂಗಳೂರಿನ ದೊಡ್ಡ ಸಂಸಾರ, ಅದರೊಳಗೆ ಮದುವೆಯೇ ಗುರಿ ಎಂದುಕೊಂಡು ಬೆಳೆದ ಹೆಣ್ಣುಮಗಳು, ಸಂಸಾರ ಕುಸಿದಾಗ ಉಪ್ಪಿನಕಾಯಿಯ ದಾರಿ ಹಿಡಿದು ತನ್ನ ಕಾಲ ಮೇಲೆ ನಿಲ್ಲುವುದು, ಇಷ್ಟು ಕಥೆ. ಹಳೆಯ ಮನೆಯ ಪಾತ್ರೆ-ಪಡಗ, ಸೀರೆ, ಹೆಂಗಸರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವ ರೀತಿ ಇವುಗಳಲ್ಲಿ ವಹಿಸಿರುವ ಆಸ್ಥೆ ಎದ್ದು ಕಾಣುತ್ತದೆ. ಒಂದು ಕೊರತೆಯನ್ನು ಹೇಳಲೇಬೇಕು. ಮನೆತುಂಬ ಪಾತ್ರಗಳು, ಒಬ್ಬರ ಪರಿಚಯ ಆಗುವಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ, ಹೀಗಾಗಿ ದುಃಖದ ಘಟನೆಗಳು ನಡೆದಾಗ ಅವು ತಟ್ಟಬೇಕಾದಷ್ಟು ತಟ್ಟುವುದಿಲ್ಲ. ಆದರೂ ಮೂರು ತಲೆಮಾರಿನವರು ಯಾವ ಅಳುಕೂ ಇಲ್ಲದೆ ಕೂರಬಹುದಾದ ಚಿತ್ರ.

‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ ತಮ್ಮ ತಂದೆಯವರಿಗೆ ಕುತೂಹಲ ಹುಟ್ಟುವುದು ಖಂಡಿತ, ಏಕೆಂದರೆ ಆ ಹೆಸರಿನ ಹಿಂದಿರುವುದು ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ ಕರೆಯಿತೋ’ ಕವಿತೆಯ ಸಾಲು. ಹೇಮಂತ್ ರಾವ್ ಅವರು ಇದನ್ನು ‘ಸೈಡ್ ಎ’, ‘ಸೈಡ್ ಬಿ’ ಎಂದು ಎರಡು ಭಾಗ ಮಾಡಿ 2023ರ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ಶ್ರೀಮಂತರ ಮನೆಯಲ್ಲಿ ಕಾರು ಓಡಿಸುವ ಮನು, ಹಾಡುವ ಹುಡುಗಿ ಪ್ರಿಯಾ, ತಾನು ಮಾಡದ ತಪ್ಪನ್ನು ಹಣಕ್ಕಾಗಿ ಹೊತ್ತುಕೊಂಡು ಜೈಲು ಸೇರುವ ಮನುವಿನ ನಿರ್ಧಾರ, ಅಲ್ಲಿಂದ ಇಬ್ಬರ ಬದುಕೂ ಬಿಡಿಸಿಕೊಳ್ಳಲಾಗದಂತೆ ಸಿಕ್ಕಾಗುವುದು. ರುಕ್ಮಿಣಿ ವಸಂತ್ ಅವರು ಜೈಲಿನ ಭೇಟಿಯ ದೃಶ್ಯಗಳಲ್ಲಿ ಮುಖದಲ್ಲೇ ಎಲ್ಲವನ್ನೂ ಹೇಳಿಬಿಡುತ್ತಾರೆ. ಮೊದಲ ಭಾಗವನ್ನು ನಾನು ಈ ದಶಕದ ಅತ್ಯುತ್ತಮ ಕನ್ನಡ ಪ್ರೇಮಕಥೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಎರಡನೆಯ ಭಾಗ ಅಷ್ಟು ಹಿಡಿತದಲ್ಲಿಲ್ಲ. ಜೈಲಿನಿಂದ ಹೊರಬಂದ ಮನುವಿನ ಗೀಳು ಬೆಳೆಯುತ್ತಾ ಹೋಗುವಾಗ, ಅದು ಪ್ರೀತಿಯೇ ಎಂದು ಚಿತ್ರ ನಮ್ಮನ್ನು ಒಪ್ಪಿಸಲು ಹೊರಟಂತೆ ನನಗೆ ಕಂಡಿತು ಮತ್ತು ನಾನು ಒಪ್ಪಲಿಲ್ಲ. ಆ ಭಾಗದ ವಸ್ತುವೂ ಹಿಂಸೆಯೂ ಮಕ್ಕಳಿಗೆ ತಕ್ಕುದಲ್ಲ. ದೊಡ್ಡವರು ಬೇರೆಯಾಗಿ ನೋಡುವುದು ಒಳಿತು.

ಮಂಗಳೂರಿನವರು ಸೂಚಿಸಿದ ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕರಾವಳಿಯ ಪರಿಚಯವೇ ಇಲ್ಲದ ನಮ್ಮ ಅತ್ತೆಯವರು, ಅವರೂ ಧಾರವಾಡದ ಕಡೆಯವರೇ, ತುಂಬಿದ ಚಿತ್ರಮಂದಿರದಲ್ಲಿ ಅದನ್ನು ನೋಡಿ ಮನಸಾರೆ ನಕ್ಕರು. ಮಾತು ಪೂರ್ತಿ ತಿಳಿಯದ ಕಡೆಯಲ್ಲೂ ಸುತ್ತಲಿನವರ ನಗು ಅವರನ್ನು ಎಳೆದುಕೊಂಡು ಹೋಯಿತು. ಮನೆಯ ಟಿವಿಯಲ್ಲಿ ಆ ಅನುಕೂಲ ಸಿಗುವುದಿಲ್ಲ.

ತೀರ್ಥಹಳ್ಳಿಯಿಂದ

ನಮ್ಮ ಮಲೆನಾಡಿನ ಎರಡು ಚಿತ್ರಗಳು 2024ರಲ್ಲಿ ಒಂದರ ಹಿಂದೆ ಒಂದು ಬಂದವು. ಫೆಬ್ರವರಿಯಲ್ಲಿ ಬಂದ ‘ಶಾಖಾಹಾರಿ’ಯಲ್ಲಿ ರಂಗಾಯಣ ರಘು ಅವರು ಸುಬ್ಬಣ್ಣ ಎಂಬ ಹೋಟೆಲಿನವನ ಪಾತ್ರ ಮಾಡಿದ್ದಾರೆ. ಸೊಂಟಕ್ಕೆ ಪಂಚೆ ಬಿಗಿದು ಒಲೆಯ ಮುಂದೆ ನಿಂತ ಆ ಮನುಷ್ಯನ ನಡಿಗೆ, ತಲೆ ತಗ್ಗಿಸಿ ಮಾತನಾಡುವ ಸಂಕೋಚ ಎಲ್ಲವೂ ಎಷ್ಟು ಸಹಜವೆಂದರೆ, ಗಟ್ಟಿ ದನಿಯ ಹಾಸ್ಯದ ಪಾತ್ರಗಳಲ್ಲಿ ಅವರನ್ನು ನೋಡಿ ರೂಢಿಯಾದವರಿಗೆ ಇವರು ಬೇರೆಯೇ ನಟರೆನಿಸುತ್ತಾರೆ. ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ ಅವರದೂ ಅಷ್ಟೇ ಸಂಯಮದ ನಟನೆ. ಆದರೆ ಇದು ಕೊಲೆಯ ಕಥೆ. ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ನಡೆಯುವ ಕೆಲವು ಸಂಗತಿಗಳು ಊಟದ ಹೊತ್ತಿನಲ್ಲಿ ನೋಡುವಂತಹವಲ್ಲ, ಮಗಳಿಗಂತೂ ಬೇಡವೇ ಬೇಡ. ತಂದೆಯವರಿಗೆ ರಂಗಭೂಮಿಯ ಒಲವಿದ್ದರೆ ಅವರಿಗೆ ತೋರಿಸಿ.

ಮಾರ್ಚ್‌ನಲ್ಲಿ ಬಂದ ‘ಕೆರೆಬೇಟೆ’ಯಲ್ಲಿ ಊರವರೆಲ್ಲ ಕೂಣಿ ಎಂಬ ಮೀನು ಹಿಡಿಯುವ ಬುಟ್ಟಿ ಹಿಡಿದು ಕೆರೆಗಿಳಿದು ಮೀನು ಬೇಟೆಯಾಡುವ ದೃಶ್ಯಗಳನ್ನು ಚೆನ್ನಾಗಿ ಚಿತ್ರಿಸಿದ್ದಾರೆ. ಅದಕ್ಕಾಗಿಯೇ ನೋಡಬಹುದು. ನಾಯಕನ ಸಿಟ್ಟು-ಸೆಡವಿನ ಭಾಗ ಮಾತ್ರ ನನಗೆ ಉದ್ದವೆನಿಸಿತು.

ಮೈಸೂರಿನಿಂದ

ಮಗಳ ವಯಸ್ಸಿನವರಿಗೆ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕಥೆಯನ್ನು ಆಧರಿಸಿ ಶಶಾಂಕ್ ಸೋಗಾಲ್ ಅವರು ನಿರ್ದೇಶಿಸಿದ ಈ ಚಿತ್ರ 2023ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಅದಕ್ಕೆ ಹಣ ಹೂಡಿದವರೂ ತೇಜಸ್ವಿಯವರ ಓದುಗರೇ. ಹಿಂದೂ ವಿದ್ಯಾರ್ಥಿಗಳೇ ತುಂಬಿದ್ದ ಅಬಚೂರಿನ ಕಾಲೇಜಿಗೆ ಮುಸ್ತಾಫಾ ಎಂಬ ಹುಡುಗ ಬಂದು ಸೇರಿದಾಗ, ಉಳಿದವರ ತಲೆಯಲ್ಲಿ ಅವನ ಬಗ್ಗೆ ಏನೇನು ಕಲ್ಪನೆಗಳು ಹುಟ್ಟುತ್ತವೆ, ಅವು ಹೇಗೆ ಕರಗುತ್ತವೆ ಎಂಬುದೇ ಕಥೆ. ಹುಡುಗರ ಜಗಳ ಕ್ರಿಕೆಟ್ ಪಂದ್ಯದವರೆಗೂ ಹೋಗುತ್ತದೆ. ಗಂಭೀರವಾದ ವಿಷಯವನ್ನು ಉಪದೇಶದ ಗೊಡವೆಗೆ ಹೋಗದೆ ಹುಡುಗಾಟದಲ್ಲೇ ಹೇಳಿರುವುದು ತೇಜಸ್ವಿಯವರ ಮನೋಧರ್ಮಕ್ಕೆ ಒಪ್ಪುತ್ತದೆ. ಕೆಲವೇ ಪುಟಗಳ ಕಥೆಯನ್ನು ಪೂರ್ಣ ಪ್ರಮಾಣದ ಚಿತ್ರವಾಗಿ ಹಿಗ್ಗಿಸಿದ್ದರಿಂದ ಪಂದ್ಯದ ಭಾಗ ಎಳೆದಂತಾಗಿದೆ, ಅದು ನಿಜ. ಕನ್ನಡ ಶಿಕ್ಷಕರಾಗಿದ್ದ ತಂದೆಯವರು ಮೂಲ ಕಥೆಯನ್ನು ಮೊಮ್ಮಗಳಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಎಲ್ಲರೂ ಚಿತ್ರ ನೋಡಿದರೆ ಎರಡರ ರುಚಿಯೂ ಸಿಗುತ್ತದೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದೆವು. ಕಥೆಯಲ್ಲಿ ಇಲ್ಲದ್ದನ್ನು ಚಿತ್ರದಲ್ಲಿ ಏಕೆ ಸೇರಿಸಿದರು ಎಂದು ಮಕ್ಕಳೇ ಚರ್ಚೆಗೆ ನಿಂತರು.

ಇನ್ನು ‘777 ಚಾರ್ಲಿ’ಯ (2022) ಹೆಸರು ಯಾರಾದರೂ ಹೇಳಿಯೇ ಹೇಳುತ್ತಾರೆ. ನಾಯಿಯ ಮೇಲೆ ಅಕ್ಕರೆಯಿರುವ ಮನೆಗೆ ಅದು ಒಪ್ಪುವ ಚಿತ್ರವೇ. ಅಷ್ಟು ಅಳಿಸುವ ಅಗತ್ಯವಿರಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಪುಣೆಯಲ್ಲಿರುವ ಇನ್ನೊಬ್ಬರಿಂದ

ಒಂದೇ ಊರಿನವರಾದ್ದರಿಂದ ಕೆಲವು ಪ್ರಾಯೋಗಿಕ ಸಂಗತಿಗಳನ್ನು ಹೇಳುತ್ತೇನೆ. ‘ಕಾಂತಾರ: ಅಧ್ಯಾಯ 1’ (ಅಕ್ಟೋಬರ್ 2025) ಬಂದಾಗ ನಾನು ವಯಸ್ಸಾದ ತಾಯಿಯವರನ್ನು ದೊಡ್ಡ ಪರದೆಯಲ್ಲಿ ನೋಡಲೆಂದು ಮಲ್ಟಿಪ್ಲೆಕ್ಸ್‌ಗೆ ಕರೆದೊಯ್ದಿದ್ದೆ. ರಿಷಬ್ ಶೆಟ್ಟಿ ಅವರ ಶ್ರಮ, ಕಾಡಿನ ಚಿತ್ರಣ, ಯುದ್ಧದ ದೃಶ್ಯಗಳ ವೈಭವ ಎಲ್ಲವೂ ಮೆಚ್ಚುವಂತಿದ್ದರೂ, ಎರಡೂವರೆ ಗಂಟೆ ಮೀರಿದ ಅವಧಿ ಮತ್ತು ಬಿಡುವಿಲ್ಲದ ಶಬ್ದ ಅವರಿಗೆ ಭಾರವಾಯಿತು. ಕಿವಿ ಮಂದವಾದವರಿಗೆ ದೊಡ್ಡ ಶಬ್ದದಿಂದ ಅನುಕೂಲವಾಗುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ಹಿನ್ನೆಲೆ ಸಂಗೀತವೇ ಮೇಲಾದಾಗ ಮಾತು ಇನ್ನಷ್ಟು ಕೇಳಿಸದಾಗುತ್ತದೆ. ಕಿವಿಗೆ ಯಂತ್ರ ಹಾಕಿಕೊಳ್ಳುವವರಾದರೆ ಪರದೆಯಿಂದ ದೂರದ ಸಾಲಿನಲ್ಲಿ, ಪಕ್ಕದ ಗೋಡೆಗಳಿಂದ ದೂರವಾಗಿ, ನಡುಭಾಗದ ಆಸನ ಹಿಡಿಯಿರಿ. ಅದೇ ತಾಯಿಯವರು 2022ರ ‘ಕಾಂತಾರ’ವನ್ನು ಮನೆಯಲ್ಲಿ ಇಷ್ಟಪಟ್ಟು ನೋಡಿದರು, ಕೊನೆಯ ಭೂತಕೋಲದ ಭಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡರು.

ಮನೆಯಲ್ಲಿ ನೋಡುವಾಗ ಮಗಳಿಗಾಗಿ ಇಂಗ್ಲಿಷ್ ಅಡಿಬರಹ ಹಾಕಿಕೊಳ್ಳಬಹುದು. ತಾಯಿಯವರಿಗೆ ಅದರಿಂದ ಉಪಯೋಗವಿಲ್ಲ, ಕನ್ನಡದ್ದೇ ಅಡಿಬರಹ ಇದೆಯೇ ಎಂದು ಮೊದಲು ನೋಡಿಕೊಳ್ಳಿ, ಹೆಚ್ಚಿನ ಚಿತ್ರಗಳಿಗೆ ಇರುವುದಿಲ್ಲ. ಚಿತ್ರಮಂದಿರಕ್ಕೇ ಹೋಗುವುದಾದರೆ ಇಲ್ಲಿ ಕನ್ನಡದ ಸಣ್ಣ ಚಿತ್ರಗಳಿಗೆ ಸಿಗುವ ಪ್ರದರ್ಶನಗಳು ಕಡಿಮೆ, ಅದೂ ಬಹುಪಾಲು ಮೊದಲ ಶನಿವಾರ-ಭಾನುವಾರ. ವಿಮರ್ಶೆ ಓದಿ ಎರಡನೆಯ ವಾರಕ್ಕೆ ಹೋಗೋಣವೆಂದು ಕಾದರೆ ಚಿತ್ರವೇ ಇರುವುದಿಲ್ಲ. ಕರ್ನಾಟಕದಲ್ಲಿ ಶುಕ್ರವಾರ ಬೆಳಗಿನ ಆಟ ನೋಡಿದ ಪರಿಚಯದವರಿಗೆ ಸಂಜೆ ಫೋನ್ ಮಾಡಿ, ಹಿರಿಯರನ್ನು ಕರೆದೊಯ್ಯಬಹುದೇ ಎಂದು ಕೇಳಿ, ಆ ರಾತ್ರಿಯೇ ಭಾನುವಾರದ ಮಧ್ಯಾಹ್ನದ ಆಟಕ್ಕೆ ಟಿಕೆಟ್ ಮಾಡಿಸಿಕೊಳ್ಳುವುದು ನಾನು ಅನುಸರಿಸುವ ಕ್ರಮ.